ಡೆಲ್ಮಾರನ ಕೆಂಪು ಚೀಟಿ

ಡೆಲ್ಮಾರ್ ಸ್ಟಕಿಯನ್ನು ನಾನು ಮೊದಲು ಕಂಡದ್ದು ಎಲ್ಡರ್ ಕ್ರೀಕ್ ಶಾಲೆಗೆ ಪಾಠ ಹೇಳಲು ಸೇರಿದ ಎರಡನೆಯ ದಿನ. ಮೂರನೆಯ ನಂಬರಿನ ಬಸ್ಸು ಬಂದಿರಲಿಲ್ಲ. ಅರ್ಧ ಬೆಂಚುಗಳು ಖಾಲಿ ಇರುವಂತೆಯೇ ಪಾಠ ಆರಂಭಿಸಿದ್ದೆ. ಕೊನೆಗೆ ಮಕ್ಕಳು ಗದ್ದಲ ಮಾಡುತ್ತ ಒಳಗೆ ಬಂದರು. ಅವರ ಹಿಂದೆಯೇ ಗ್ರೀಸು ಮೆತ್ತಿದ ನೀಲಿ ಅಂಗಿಯ ಎತ್ತರದ ಮನುಷ್ಯನೊಬ್ಬ ಬಂದು, ಟೋಪಿ ತೆಗೆದು, ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಚೀಟಿ ಇಟ್ಟು ಹೊರಟುಹೋದ. ಅದರಲ್ಲಿ ಹೀಗೆ ಬರೆದಿತ್ತು: "ಬಸ್ಸು ಮೂರು. ತಡ: ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಕಾರಣ: ಫ್ಯಾನ್ ಬೆಲ್ಟು. ತಪ್ಪು: ನನ್ನದು. ಡಿ. ಸ್ಟಕಿ, ಮೆಕ್ಯಾನಿಕ್."

ತಡವಾದದ್ದಕ್ಕೆ ಕಾರಣ ಹೇಳಿದವರು ನನ್ನ ಮೇಷ್ಟರಗಿರಿಯಲ್ಲಿ ನೂರಾರು ಮಂದಿ ಸಿಕ್ಕಿದ್ದಾರೆ. ಸೆಕೆಂಡಿನ ಲೆಕ್ಕ ಸಮೇತ ತಪ್ಪೊಪ್ಪಿಕೊಂಡವನು ಅವನೊಬ್ಬನೇ. ಆ ಚೀಟಿ ಈಗಲೂ ನನ್ನ ಹಳೆಯ ನಿಘಂಟಿನೊಳಗೆ ಇದೆ.

ಈ ಚೀಟಿಯ ಅಭ್ಯಾಸ ಅವನಿಗೆ ಹತ್ತಿದ್ದು ಊರಾಚೆ ಸೋಯಾ ಹೊಲಗಳ ನಡುವೆ ಇರುವ ಡ್ರ್ಯಾಗ್ ರೇಸಿನ ಹಾದಿಯಲ್ಲಿ. ಎರಡು ಕಾರು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ದೀಪ ಹಸಿರಾದೊಡನೆ ಮೂಗಿನ ನೇರಕ್ಕೆ ಓಡುತ್ತವೆ, ಮೊದಲು ತಲುಪಿದವರು ಗೆದ್ದರು, ಆಟವೆಂದರೆ ಇಷ್ಟೇ. ಹಸಿರಿಗೆ ಮುಂಚೆ ಕದಲಿದರೆ ಕೆಂಪು ದೀಪ. ಎಷ್ಟೇ ಜೋರಾಗಿ ಓಡಿರಲಿ, ಸೋತ ಹಾಗೆಯೇ. ಓಡಿ ಹಿಂದಿರುಗುವ ಚಾಲಕನಿಗೆ ದಾರಿಯ ಪಕ್ಕದ ಗೂಡಿನ ಕಿಟಕಿಯಿಂದ ಒಂದು ಚೀಟಿ ಕೊಡುತ್ತಾರೆ. ದೀಪ ಹತ್ತಿದ ಎಷ್ಟು ಹೊತ್ತಿಗೆ ಹೊರಟೆ, ಎಷ್ಟು ಹೊತ್ತಿಗೆ ತಲುಪಿದೆ ಎಂಬುದನ್ನೆಲ್ಲ ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಹೇಳುತ್ತದೆ. ಡೆಲ್ಮಾರ್ ಹರೆಯದಲ್ಲಿ ತನ್ನ ಹಳೆಯ ಪ್ಲಿಮತ್ ಕಾರನ್ನು ನಾಲ್ಕು ವರ್ಷ ಅಲ್ಲಿ ಓಡಿಸಿದ್ದ. ಹೆಚ್ಚಾಗಿ ಸೋತಿದ್ದ. ಸೋಲಿಗೆ ನೆಪ ಹುಡುಕಲು ಆ ಚೀಟಿ ಎಂದೂ ಬಿಡುತ್ತಿರಲಿಲ್ಲ. ಮದುವೆಯಾದ ಮೇಲೆ ಕಾರು ಮಾರಿ, ಹೆಂಡತಿ ನೆಡ್ರಾಳ ಜೊತೆ ಮೆಟ್ಟಿಲಾಸನದ ಹದಿನಾಲ್ಕನೆಯ ಸಾಲಿಗೆ ಹೋಗಿ ಕುಳಿತವನು ಮುಂದೆ ನಲವತ್ತು ವರ್ಷ ಆ ಜಾಗ ಬಿಡಲಿಲ್ಲ.

ಪ್ರತಿ ಆಗಸ್ಟಿನಲ್ಲಿ ಡ್ರ್ಯಾಗ್ ರೇಸಿನ ರಾಷ್ಟ್ರೀಯ ಸಂಸ್ಥೆಯವರು ನೈಟ್ರೋ ಎಂಬ ಸಿಡಿಮದ್ದಿನಂಥ ಇಂಧನದಿಂದ ಓಡುವ ತಮ್ಮ ಕಾರುಗಳನ್ನು ತೆಗೆದುಕೊಂಡು ನಮ್ಮೂರಿಗೆ ಬರುತ್ತಿದ್ದರು. ಆ ಕಾರು ಹೊರಟರೆ ಎದೆಯೊಳಗಿನ ಎಲುಬು ಸಡಿಲವಾದಂತಾಗುತ್ತದೆ. ಹೊಗೆಗೆ ಕಣ್ಣೀರು ಸುರಿಯುತ್ತದೆ. ಒರೆಸಿಕೊಳ್ಳುವುದರೊಳಗೆ ಓಟ ಮುಗಿದಿರುತ್ತದೆ. ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡಿಗಾಗಿ ಡೆಲ್ಮಾರ್ ವರ್ಷವಿಡೀ ಕಾಯಲು ಸಿದ್ಧನಿದ್ದ. ಅವನಿಗೆ ಸಹಿಸಲಾಗದಿದ್ದುದು ಆಸನದ ಮೇಲೆ ಕೂಡಿಸಿಕೊಂಡು ಕಾಯಿಸುವುದು. ಟಿ.ವಿ.ಯವರ ಜಾಹೀರಾತು ಮುಗಿಯಲಿ ಎಂದು ಕಾರುಗಳನ್ನು ನಿಲ್ಲಿಸುತ್ತಿದ್ದರು. ಯಾರೋ ದೊಡ್ಡವರು ಬಂದರೆಂದು ಮೈಕಿನಲ್ಲಿ ಕಾಲು ಗಂಟೆ ಹೊಗಳುತ್ತಿದ್ದರು. ಒಮ್ಮೊಮ್ಮೆ ಏನೂ ಇಲ್ಲದೆ, ಏನೂ ಹೇಳದೆ, ಬಿಸಿಲಿನಲ್ಲಿ ಹತ್ತು ಸಾವಿರ ಜನರನ್ನು ಹಾಗೆಯೇ ಕೂಡಿಸಿಬಿಡುತ್ತಿದ್ದರು. ಎಲ್ಲರೂ ಕಾರಿನ ಓಟಕ್ಕೆ ಸ್ಟಾಪ್‌ವಾಚ್ ಗಡಿಯಾರ ಒತ್ತಿದರೆ ಡೆಲ್ಮಾರ್ ಕಾಯುವಿಕೆಗೆ ಒತ್ತತೊಡಗಿದ. ಒಂದು ಭಾನುವಾರದ ಕೊನೆಗೆ ಕೂಡಿಸಿ ನೋಡಿದರೆ ಹತ್ತು ಗಂಟೆ ಕುಳಿತಿದ್ದ, ಎರಡು ನಿಮಿಷದ ನೈಟ್ರೋ ಓಟ ನೋಡಿದ್ದ.

"ನಿನ್ನ ಜೊತೆ ಒಂದು ಮಾತೂ ಇಲ್ದೆ ನಾನು ಹತ್ತು ಗಂಟೆ ಪಕ್ಕದಲ್ಲಿ ಕೂತಿದ್ದೆ. ಅದನ್ನೂ ಬರ್ಕೋ," ಎಂದಳು ನೆಡ್ರಾ.

ಅವನು ಅದನ್ನೂ ಬರೆದುಕೊಂಡ.

ಆ ಸಂಜೆಯೇ ಮೊದಲ ಚೀಟಿ ಸಿದ್ಧವಾಯಿತು. ಚಾಲಕರಿಗೆ ಕೊಡುವ ಚೀಟಿಯ ನಮೂನೆಯಲ್ಲೇ ಅವನು ರೇಸು ನಡೆಸುವವರಿಗೊಂದು ಚೀಟಿ ಬರೆದ: ಹೊರಡಬೇಕಾಗಿದ್ದ ಹೊತ್ತು, ಹೊರಟ ಹೊತ್ತು, ಮಧ್ಯದ ಅಂತರ, ಕಾರಣ. ಎಲ್ಲಕ್ಕಿಂತ ಕೆಳಗೆ "ತಪ್ಪು" ಎಂದು ಬರೆದು ಎದುರಿನ ಜಾಗ ಖಾಲಿ ಬಿಟ್ಟ. ಅದನ್ನು ಅವರೇ ತುಂಬಬೇಕು ಎಂಬುದು ಅವನ ಆಸೆ. ರೇಸಿನ ಮುಖ್ಯಾಧಿಕಾರಿ ಕಾನ್ರಾಡ್ ಟೆಬ್ಬಿ ಎಂಬವರ ಕೈಗೆ ಕೊಟ್ಟು ಬಂದ. ಮುಂದಿನ ಆಗಸ್ಟಿನಲ್ಲಿ ಮತ್ತೊಂದು, ಆಮೇಲಿನ ಆಗಸ್ಟಿನಲ್ಲಿ ಇನ್ನೊಂದು. ಒಂದು ವರ್ಷ ಉತ್ತರವಾಗಿ ಅಂಚೆಯಲ್ಲಿ ಸಂಸ್ಥೆಯ ಹೆಸರಿನ ಟೋಪಿ ಬಂತು. ಅದನ್ನು ನೆಡ್ರಾ ತೋಟದ ಬೆದರುಬೊಂಬೆಗೆ ಹಾಕಿದಳು.

ಎಣ್ಣೆ ಚೆಲ್ಲಿ ತಡವಾದರೆ ಡೆಲ್ಮಾರ್ ಬೇಸರಿಸುತ್ತಿರಲಿಲ್ಲ. ಎಂಜಿನ್ ಒಡೆದು ಹಾದಿಯ ಮೇಲೆಲ್ಲ ಎಣ್ಣೆಯಾದರೆ ಪುಡಿ ಎರಚಿ, ಉಜ್ಜಿ, ಒಣಗಿಸಲೇಬೇಕು. ಮೆಕ್ಯಾನಿಕನಿಗೆ ಅದು ಗೊತ್ತು. ಏನಾಗಿದೆ ಎಂದು ಜನರಿಗೆ ಹೇಳಲು ಏನು ಕಷ್ಟ ಎಂಬುದು ಅವನ ಪ್ರಶ್ನೆ. ಇನ್ನೂ ಕೆಲವು ದೂರುಗಳು ಅವನ ನೋಟ್ ಪುಸ್ತಕದಲ್ಲಿ ಖಾಯಂ ಆಗಿದ್ದವು. ಚಾಲಕರು ಏಪ್ರಿಲಿನಿಂದ ಗೆದ್ದು ಗೆದ್ದು ಗಳಿಸಿದ ಅಂಕಗಳನ್ನು ಸೆಪ್ಟೆಂಬರಿನಲ್ಲಿ ಹೆಚ್ಚುಕಡಿಮೆ ಅಳಿಸಿ ಎಲ್ಲರನ್ನೂ ಒಂದೇ ಗೆರೆಗೆ ತರುತ್ತಿದ್ದುದು ಒಂದು. ಶಾಲೆಯ ಮಕ್ಕಳ ಅಂಕಗಳನ್ನೂ ನಾವು ವಾರ್ಷಿಕ ಪರೀಕ್ಷೆಗೆ ಮೊದಲು ಹಾಗೆ ಅಳಿಸುತ್ತೇವೆಯೇ ಎಂದು ಅವನು ನನ್ನನ್ನು ಬಸ್ಸಿನ ಕೆಳಗೆ ಮಲಗಿದಲ್ಲಿಂದಲೇ ಕೇಳಿದ್ದುಂಟು. ತಿಂಡಿ ಅಂಗಡಿಗಳ ಬಳಿಯ ಧ್ವನಿವರ್ಧಕ ಕೆಟ್ಟು ವರ್ಷಗಳೇ ಆಗಿದ್ದವು, ಅದು ಇನ್ನೊಂದು. ಎಲ್ಲಕ್ಕಿಂತ ಆಳಕ್ಕೆ ನಾಟಿದ್ದ ಮುಳ್ಳು ಮಾತ್ರ ಹಾದಿಯ ಉದ್ದದ್ದು. ಅವನ ಕಾಲದಲ್ಲಿ ಓಟವೆಂದರೆ ಕಾಲು ಮೈಲಿ, ಸಾವಿರದ ಮುನ್ನೂರಿಪ್ಪತ್ತು ಅಡಿ. ಕಾರುಗಳ ವೇಗ ಏರಿತು, ಕೊನೆಯಲ್ಲಿ ನಿಲ್ಲಲು ಜಾಗ ಸಾಲದು ಎಂದು ಸಂಸ್ಥೆಯವರು ನೈಟ್ರೋ ಕಾರುಗಳ ಓಟವನ್ನು ಸಾವಿರ ಅಡಿಗೆ ಇಳಿಸಿದ್ದರು.

"ಜಾಗ ಸಾಲದಿದ್ರೆ ಪಕ್ಕದ ಹೊಲ ಕೊಂಡ್ಕೊಳ್ಳಿ. ನನ್ನ ಮುನ್ನೂರಿಪ್ಪತ್ತು ಅಡಿ ನನಗೆ ಕೊಡಿ," ಎಂದು ಅವನು ಟೆಬ್ಬಿಯವರಿಗೆ ಹೇಳಿದ.

ಟೆಬ್ಬಿಯವರು ಕೆಟ್ಟವರೇನಲ್ಲ. ಆ ದಿನ ಬೆಳಗಿನಿಂದ ಬಿಸಿಲಿನಲ್ಲಿ ನಿಂತು ಅವರ ಮೂಗು ಟೊಮ್ಯಾಟೊ ಹಣ್ಣಾಗಿತ್ತು. ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಮಿಸ್ಟರ್ ಸ್ಟಕಿ, ಹದಿನಾಲ್ಕನೇ ಸಾಲಲ್ಲಿ ಕೂತು ಗಡಿಯಾರ ಒತ್ತೋದು ಸುಲಭ. ಒಂದು ದಿನ ರೇಸು ನಡೆಸೋ ಆ ಗೋಪುರ ಹತ್ತಿ ನೋಡಿ," ಎಂದರು.

"ಕರೀರಿ, ಹತ್ತುತೀನಿ."

ಅವರು ಕರೆಯಲಿಲ್ಲ. ಮರುವರ್ಷ ಸಂಸ್ಥೆಯ ಪಟ್ಟಿಯಲ್ಲಿ ನಮ್ಮೂರೇ ಇರಲಿಲ್ಲ. ಎರಡು ಸಾಲಿನ ಪತ್ರ ಬಂದಿತ್ತು, ಕಾರಣ ಬರೆದಿರಲಿಲ್ಲ. ಕ್ಷೌರದಂಗಡಿಯಲ್ಲಿ ಜನ ಡೆಲ್ಮಾರನ ಕಾಲೆಳೆದರು. ಅವನ ಚೀಟಿಗೆ ಹೆದರಿಯೇ ಅವರು ಊರು ಬಿಟ್ಟರಂತೆ. ಅವನು ನಕ್ಕ. ಮನೆಗೆ ಬಂದು, ಹಾಗೂ ಇರಬಹುದೇ ಎಂದು ನೆಡ್ರಾಳನ್ನು ಕೇಳಿದ. ಎರಡು ಬೇಸಿಗೆ ನಮ್ಮೂರಿನಲ್ಲಿ ನೈಟ್ರೋ ಹೊಗೆ ಏಳಲಿಲ್ಲ. ಕಣ್ಣೀರು ಬರಿಸಿಕೊಳ್ಳಲು ಈರುಳ್ಳಿ ಹೆಚ್ಚಬೇಕಾಯಿತು ಎನ್ನುತ್ತಿದ್ದ ಅವನು.

ಹಾದಿಯ ಒಡತಿ ಆರ್ಡಿತ್ ಕೆಂಪರ್ ಸುಮ್ಮನೆ ಕೂರುವ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಹುಲ್ಲು ಕತ್ತರಿಸುವುದರಿಂದ ಹಿಡಿದು ಟಿಕೆಟ್ಟು ಹರಿಯುವವರೆಗೆ ಎಲ್ಲವನ್ನೂ ತಾನೇ ನೋಡಿಕೊಂಡಿದ್ದವಳು. ಮೂರನೆಯ ವರ್ಷ ಯಾವ ಸಂಸ್ಥೆಯ ಹಂಗೂ ಇಲ್ಲದೆ ಎಂಟು ನೈಟ್ರೋ ತಂಡಗಳನ್ನು ತಾನೇ ಮಾತಾಡಿ ಒಪ್ಪಿಸಿದಳು. ಆಗಸ್ಟಿನ ಒಂದು ಭಾನುವಾರ, ಒಂದೇ ದಿನದ ರೇಸು. ಊರಾಡಳಿತ ನೋಡಿಕೊಳ್ಳುವ ಟೌನ್‌ಶಿಪ್ಪಿನವರು ಅನುಮತಿ ಕೊಟ್ಟರು. ಆದರೆ ರಸ್ತೆಯಾಚೆಯ ಮೆಥಡಿಸ್ಟ್ ಚರ್ಚಿನಲ್ಲಿ ಸಂಜೆಯ ಪ್ರಾರ್ಥನೆ ಇರುವುದರಿಂದ ಆರು ಗಂಟೆಯ ಮೇಲೆ ಒಂದು ಎಂಜಿನ್ನೂ ಸದ್ದು ಮಾಡಕೂಡದು ಎಂದರು. ಅಂದು ಸಂಜೆ ಆರ್ಡಿತ್ ಡೆಲ್ಮಾರನ ಶೆಡ್ಡಿಗೆ ಬಂದು, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕುಳಿತಳು.

"ಡೆಲ್ಮಾರ್, ನಲವತ್ತು ವರ್ಷ ಗೋಪುರದೋರಿಗೆಲ್ಲ ಮಾರ್ಕ್ಸ್ ಹಾಕ್ತಾ ಬಂದೆ. ಈಗ ನೀನು ಪರೀಕ್ಷೆಗೆ ಕೂತ್ಕೋ. ರೇಸು ನೀನೇ ನಡೆಸು."

"ನನಗೆ ಎಪ್ಪತ್ತಾಯ್ತು, ಆರ್ಡಿತ್."

"ಗೊತ್ತು. ಅದಕ್ಕೇ ಈ ವರ್ಷವೇ ಕೇಳ್ತಿರೋದು."

ಅವನು ಕೈಯೊರೆಸಿಕೊಂಡ. ಆಕೆ ನಗುವನ್ನು ಬಿಟ್ಟು ಮುಂದುವರಿಸಿದಳು: "ಆರು ದಾಟಿದ್ರೆ ಭಾನುವಾರದ ಅನುಮತಿ ಹೋಯ್ತು. ಜನ ಬೈಕೊಂಡು ಮನೆಗೆ ಹೋದ್ರೆ ಆ ತಂಡದವರು ಇನ್ನು ಈ ಕಡೆ ತಲೆ ಹಾಕಲ್ಲ. ನಮ್ಮೂರಿಗೆ ನೈಟ್ರೋ ಬರೋದು ಇರುತ್ತಾ ಇಲ್ವಾ ಅನ್ನೋದು ಆ ಒಂದು ದಿನದ ಮೇಲಿದೆ."

ಒಪ್ಪಿಕೊಂಡ ಮೇಲೆ ಡೆಲ್ಮಾರನ ನಿದ್ದೆ ಹಾರಿಹೋಯಿತು. ಅವನು ನಿಮಿಷ ನಿಮಿಷದ ಪಟ್ಟಿ ಬರೆದ. ಒಂದು ಗಂಟೆಗೆ ಮೊದಲ ಸುತ್ತು, ಮೂರಕ್ಕೆ ಎರಡನೆಯದು, ಐದೂವರೆಗೆ ಫೈನಲ್. ನಡುವೆ ತಂಡದವರು ಎಂಜಿನ್ ಬಿಚ್ಚಿ ಜೋಡಿಸಿಕೊಳ್ಳುವ ಹೊತ್ತಿನಲ್ಲಿ ಊರಿನ ಸಣ್ಣ ಕಾರುಗಳ ಓಟ. ಪಟ್ಟಿ ಅಚ್ಚಾಗಿ ಪ್ರತಿ ಆಸನದ ಮೇಲೂ ಕುಳಿತಿತು. ಬೆಳಿಗ್ಗೆ ಗೋಪುರ ಹತ್ತುವ ಮುಂಚೆ ಅವನು ತನ್ನ ಗಡಿಯಾರವನ್ನು ನೆಡ್ರಾಳ ಕೈಗಿತ್ತ.

"ಇವತ್ತು ಇದು ನಿನ್ನ ಹತ್ರ ಇರ್ಲಿ."

"ಗಂಡ ಅಂತ ಕನಿಕರ ತೋರ್ಸಲ್ಲ ನಾನು."

"ತೋರ್ಸಬೇಡ."

ಮೊದಲ ಸುತ್ತು ಒಂದು ಗಂಟೆ ಎಂದರೆ ಒಂದು ಗಂಟೆಗೇ ಶುರುವಾಯಿತು. ಜನ ಗಡಿಯಾರವನ್ನೊಮ್ಮೆ, ಗೋಪುರವನ್ನೊಮ್ಮೆ ನೋಡಿದರು. ಎರಡನೆಯ ಸುತ್ತಿನಲ್ಲಿ ಒಂದು ಕಾರಿನ ಎಂಜಿನ್ ಒಡೆದು ಎಣ್ಣೆ ಚೆಲ್ಲಿತು. ಡೆಲ್ಮಾರ್ ತಾನೇ ಮೈಕು ಹಿಡಿದು ಐದೈದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಹೇಳಿದ: ಎಣ್ಣೆ ಎಷ್ಟು ದೂರ ಚೆಲ್ಲಿದೆ, ಪುಡಿ ಎರಚುತ್ತಿರುವವರು ಯಾರು, ಇನ್ನೆಷ್ಟು ಹೊತ್ತು ಹಿಡಿದೀತು. ಮೂವತ್ತು ನಿಮಿಷ ಎಂದಿದ್ದ. ಇಪ್ಪತ್ತೆಂಟಕ್ಕೆ ಹಾದಿ ಒಣಗಿತು. ಜನ ಪೊರಕೆ ಹಿಡಿದವರಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಥ ಚಪ್ಪಾಳೆಯನ್ನು ಆ ಹಾದಿ ಅದುವರೆಗೆ ಕೇಳಿರಲಿಲ್ಲ.

ಆ ಇಪ್ಪತ್ತೆಂಟು ನಿಮಿಷವೇ ಡೆಲ್ಮಾರನ ತಲೆ ಕೆಡಿಸಿತು. ಇನ್ನೊಂದು ಎಂಜಿನ್ ಒಡೆದರೆ? ಪಶ್ಚಿಮದಲ್ಲಿ ಸ್ಲೇಟಿನ ಬಣ್ಣದ ಮೋಡವೊಂದು ತಲೆಯೆತ್ತಿತ್ತು. ಅದು ಈ ಕಡೆ ಬಂದರೆ? ಗೋಪುರದ ಪುಟ್ಟ ಕೋಣೆಯಲ್ಲಿ ಅವನು ಅತ್ತಿಂದಿತ್ತ ಸುತ್ತತೊಡಗಿದ. ಚರ್ಚಿನ ಶಿಖರ ಕಿಟಕಿಗೆ ನೇರವಾಗಿ ಕಾಣುತ್ತಿತ್ತು. ಐದು ಗಂಟೆ ಹತ್ತು ನಿಮಿಷಕ್ಕೆ ಫೈನಲ್ಲಿನ ಎರಡೂ ಕಾರುಗಳು ಸಿದ್ಧವಾಗಿ ಗೆರೆಯ ಹಿಂದೆ ಬಂದು ನಿಂತವು. ಸಿದ್ಧವಾದ ಕಾರುಗಳನ್ನು ನಿಲ್ಲಿಸಿಕೊಂಡು ಕಾಯಿಸುವವರನ್ನು ಅವನು ನಲವತ್ತು ವರ್ಷ ಬೈದಿದ್ದ. ಮೈಕಿನಲ್ಲಿ ಒಂದು ಮಾತು ಹೇಳಿ, ಐದು ಹನ್ನೆರಡಕ್ಕೆ ಬಿಟ್ಟೇಬಿಟ್ಟ.

ಆ ಹೊತ್ತಿಗೆ ಜನ ಎಲ್ಲಿದ್ದರು? ತಿಂಡಿ ಅಂಗಡಿಗಳ ಮುಂದೆ. ಐದೂವರೆ ಎಂದು ಕಾಗದದಲ್ಲಿ ಅಚ್ಚಾಗಿದ್ದರೆ ಈ ಆಟದಲ್ಲಿ ಅದಕ್ಕೆ ಆರೂಕಾಲು ಎಂದರ್ಥ. ಅದು ಅವರ ರಕ್ತಕ್ಕೇ ಗೊತ್ತು. ಬೆಳಗಿನಿಂದ ಹೊತ್ತಿಗೆ ಸರಿಯಾಗಿ ನಡೆದದ್ದನ್ನು ಕಂಡ ಮೇಲೂ ಹಳೆಯ ರೂಢಿ ಬಿಡಲಿಲ್ಲ. ಐದು ಹೊಡೆದೊಡನೆ ಎದ್ದು, ತಟ್ಟೆಗಿಂತ ಅಗಲವಾಗಿ ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ಚಿಗಾಗಿ ಸಾಲು ನಿಂತಿದ್ದರು. ಡೆಲ್ಮಾರ್ ಮೈಕಿನಲ್ಲಿ ಹೇಳಿದ್ದು ಅಲ್ಲಿಗೆ ಕೇಳಿಸಲಿಲ್ಲ. ಹನ್ನೊಂದು ವರ್ಷದಿಂದ ಕೆಟ್ಟಿದ್ದ ಆ ಧ್ವನಿವರ್ಧಕದ ದೂರನ್ನು ಬರೆದವನೇ ಅವನು. ಇಂದು ರಿಪೇರಿ ಮಾಡಿಸುವ ಅಧಿಕಾರವೂ ಅವನದೇ ಆಗಿತ್ತು, ಮರೆತಿದ್ದ. ನೆಲ ನಡುಗಿತು. ಸಾಸಿವೆ ಮೆತ್ತಿದ ಕೈಗಳೊಡನೆ ಎಲ್ಲರೂ ಹೊರಳಿ ನೋಡಿದರು. ಹಾದಿಯ ಮೇಲೆ ಹೊಗೆ ಮಾತ್ರ ಇತ್ತು.

ನೆಡ್ರಾ ನಿಂಬೆ ಶರಬತ್ತಿನ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಗಡಿಯಾರ ಒತ್ತಿದಳು.

ಗೋಪುರದಿಂದ ಇಳಿಯುವುದರೊಳಗೆ ಡೆಲ್ಮಾರನನ್ನು ಜನ ಮುತ್ತಿಕೊಂಡರು. ಕೂಗಾಡುತ್ತಿದ್ದವರನ್ನು ಸರಿಸಿ ಮುಂದೆ ಬಂದವನು ಹದಿನಾಲ್ಕನೆಯ ಸಾಲಿನಲ್ಲಿ ಅವನ ಬೆನ್ನ ಹಿಂದೆಯೇ ಕುಳಿತು ಬಂದಿದ್ದ ಹಳೆಯ ಗೆಳೆಯ ಹಾರ್ಲನ್. ಅವನು ಕೂಗಲಿಲ್ಲ.

"ನಲವತ್ತು ವರ್ಷ ಅವರು ನಮ್ಮನ್ನ ಕಾಯಿಸಿದ್ರು, ಡೆಲ್ಮಾರ್. ನಮಗೋಸ್ಕರ ನೀನು ಹದಿನೆಂಟು ನಿಮಿಷ ಕಾಯ್ಲಿಲ್ವಲ್ಲೋ."

ಮೋಡ, ಎಣ್ಣೆ, ಆರು ಗಂಟೆ, ಡೆಲ್ಮಾರನಿಗೆ ಹೇಳಲು ಕಾರಣಗಳು ಬೇಕಾದಷ್ಟಿದ್ದವು. ಅಷ್ಟರಲ್ಲಿ ನೆಡ್ರಾ ಬಂದು ಅವನ ಅಂಗೈಯಲ್ಲಿ ಒಂದು ಚೀಟಿ ಇಟ್ಟಳು. ಕೆಂಪು ಪೆನ್ಸಿಲನ್ನು ಶರಬತ್ತಿನವಳಿಂದ ಎರವಲು ತಂದಿದ್ದಳು. "ಓಟ: ಫೈನಲ್. ಹೊರಡಬೇಕಾದ್ದು: ಐದೂವರೆ. ಹೊರಟದ್ದು: ಐದು ಹನ್ನೆರಡು. ಹದಿನೆಂಟು ನಿಮಿಷ ಮುಂಚೆ. ಕೆಂಪು ದೀಪ." ಕೊನೆಯಲ್ಲಿ "ತಪ್ಪು" ಎಂದಿತ್ತು, ಎದುರಿನ ಜಾಗ ಖಾಲಿ.

ಅವನು ಪೆನ್ಸಿಲು ಕೇಳಿ ಪಡೆದು, ಹಾರ್ಲನ್ನನ ಬೆನ್ನ ಮೇಲೇ ಕಾಗದವಿಟ್ಟು, "ನನ್ನದು" ಎಂದು ತುಂಬಿದ. ಮತ್ತೆ ಮೆಟ್ಟಿಲು ಹತ್ತಿ ಮೈಕಿನಲ್ಲಿ ಹೇಳಿದ: "ಡೆಲ್ಮಾರ್ ಸ್ಟಕಿ ಮಾತಾಡ್ತಿರೋದು. ಫೈನಲನ್ನ ಹದಿನೆಂಟು ನಿಮಿಷ ಮುಂಚೆ ಬಿಟ್ಟೆ. ಕೆಂಪು ದೀಪ ನನಗೆ ಬಿತ್ತು. ತಪ್ಪು ನನ್ನದು."

ತಿಂಡಿ ಅಂಗಡಿಗಳ ಕಡೆಗೆ ಅದೂ ಕೇಳಿಸಲಿಲ್ಲ. ಆದ್ದರಿಂದ ಕೆಳಗಿಳಿದು ಸ್ಯಾಂಡ್‌ವಿಚ್ಚಿನ ಸಾಲಿಗೊಮ್ಮೆ, ಶರಬತ್ತಿನ ಸಾಲಿಗೊಮ್ಮೆ, ಶೌಚಾಲಯದ ಸಾಲಿಗೊಮ್ಮೆ ಹೋಗಿ, ಟೋಪಿ ತೆಗೆದು, ಅದೇ ಮಾತನ್ನು ಬಾಯಲ್ಲಿ ಹೇಳಿ ಬಂದ. ಮೂರನೆಯ ಸಾಲಿನ ಹೊತ್ತಿಗೆ ಜನ ನಗತೊಡಗಿದ್ದರು. ಆದರೂ ಫೈನಲ್ ನೋಡಲು ಬಂದವರು ಫೈನಲ್ ನೋಡಿರಲಿಲ್ಲ. ಕೆಲವರು ಆಗಲೇ ಕಾರಿನ ಬೀಗದ ಕೈ ಹುಡುಕುತ್ತಿದ್ದರು. ಗಂಟೆ ಐದು ಇಪ್ಪತ್ತು.

ಅವನು ತಂಡಗಳ ಬಿಡಾರಕ್ಕೆ ಓಡಿದ. ಗೆದ್ದ ಕಾರಿನ ಪಿಸ್ಟನ್ ತೂತಾಗಿತ್ತು; ಅದು ಇನ್ನು ಕದಲದು. ಸೋತವಳು ರೋಂಡಾ ಆರ್ಕಟ್ ಎಂಬ ಗಟ್ಟಿಮುಟ್ಟಿನ ಹೆಂಗಸು. ಅವಳ ಕಾರು ನೆಟ್ಟಗಿತ್ತು. ಜನರಿಗಾಗಿ ಒಂದೇ ಒಂದು ಸಲ ಓಡಿಸಬಹುದೇ ಎಂದು ಡೆಲ್ಮಾರ್ ಕೇಳಿದ. ಎಂಜಿನ್ ಬಿಚ್ಚಿ ಜೋಡಿಸಲು ನಲವತ್ತು ನಿಮಿಷ ಬೇಕು ಎಂದಳು ಅವಳು. ಅವನು ಮೂವತ್ತೈದು ನಿಮಿಷವಷ್ಟೇ ಇದೆ, ದಯವಿಟ್ಟು ಮಾಡಿಕೊಡಬೇಕು ಎಂದ. ರೋಂಡಾ ತನ್ನವರ ಮುಖ ನೋಡಿ ನಕ್ಕಳು. ಗೋಪುರದವರು ಬೇಗ ಮಾಡಿ ಎನ್ನುವುದು ದಿನವೂ ಇದ್ದದ್ದೇ, ದಯವಿಟ್ಟು ಎಂದವನು ಇವನೇ ಮೊದಲಿಗ ಎಂದಳು. ಆಗಲೇ ಎಂಟು ಕೈಗಳು ಎಂಜಿನ್ನಿನೊಳಗೆ ಇಳಿದಿದ್ದವು.

ಸುದ್ದಿ ಸಾಲಿನಿಂದ ಸಾಲಿಗೆ ಹರಡಿತು. ಹೊರಟವರು ಹಿಂದಿರುಗಿದರು. ಬಿಡಾರದ ಹಗ್ಗದ ಸುತ್ತ ಜನ ಮೂರು ಸುತ್ತು ಕಟ್ಟಿಕೊಂಡು, ಸ್ಯಾಂಡ್‌ವಿಚ್ ಕಚ್ಚುತ್ತ, ಒಂದೊಂದು ಬೋಲ್ಟು ಬಿಗಿಯುವುದನ್ನೂ ನೋಡಿದರು. ಆ ಕಾಯುವಿಕೆಗೆ ಯಾರೂ ಗಡಿಯಾರ ಒತ್ತಲಿಲ್ಲ. ಐದು ಐವತ್ತಕ್ಕೆ ರೋಂಡಾ ಶಿರಸ್ತ್ರಾಣ ಕೈಗೆತ್ತಿಕೊಂಡು ಡೆಲ್ಮಾರನ ಕಡೆ ತಿರುಗಿದಳು.

"ಹೇಗೂ ಸೋತಿದ್ದೀನಿ, ಇದು ಲೆಕ್ಕಕ್ಕೂ ಇಲ್ಲ. ಕಾಲು ಮೈಲಿ ಪೂರ್ತಿ ಓಡಿಸ್ಲಾ? ಅದಕ್ಕೋಸ್ಕರ ನೀವು ವರ್ಷಗಟ್ಟಲೆ ಜಗಳ ಆಡಿದ್ರಂತಲ್ಲ."

ಡೆಲ್ಮಾರ್ ಹಾದಿಯ ಕೊನೆಯ ಕಡೆ ನೋಡಿದ. ಹದಿನಾಲ್ಕನೆಯ ಸಾಲಿನಿಂದ ಅದು ಬಹಳ ದೂರ ಕಾಣುತ್ತಿತ್ತು. ಇಲ್ಲಿ ನೆಲದ ಮೇಲೆ ನಿಂತು, ಆ ಕಾರಿನೊಳಗೆ ಕೂರುವವಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ, ನಿಲ್ಲದ ಕಾರುಗಳನ್ನು ತಡೆಯುವ ಮರಳಿನ ಗುಂಡಿ, ಅದರಾಚೆಯ ಬೇಲಿ, ಬೇಲಿಯಾಚೆಯ ಸೋಯಾ ಗಿಡಗಳು ಎಲ್ಲವೂ ಕೈಗೆಟುಕುವಂತಿದ್ದವು.

"ಸಾವಿರ ಅಡಿ," ಎಂದ.

"ಉಳಿದ ಮುನ್ನೂರಿಪ್ಪತ್ತು?"

"ಅದು ನೀನು ನಿಲ್ಲೋಕೆ ಕಣಮ್ಮ."

ಹಾರ್ಲನ್ ಏನೋ ಹೇಳಲು ಬಾಯಿ ತೆರೆದ. ನೆಡ್ರಾ ಅವನ ಕಾಲು ತುಳಿದಳು.

ಐದು ಐವತ್ತೇಳಕ್ಕೆ ದೀಪ ಹಸಿರಾಯಿತು. ಪಕ್ಕದ ಹಾದಿ ಖಾಲಿ. ಸೋತವಳೊಬ್ಬಳೇ ಓಡಿದಳು. ನೆಲ ನಡುಗಿತು, ಎಲುಬು ಸಡಿಲಾಯಿತು, ಎಲ್ಲರ ಕಣ್ಣಲ್ಲೂ ನೀರು. ಸಾವಿರ ಅಡಿಗೆ ಎಂಜಿನ್ ನಿಂತಿತು, ಹಿಂದಿನ ಧುಮುಕುಕೊಡೆಗಳು ಬಿಚ್ಚಿಕೊಂಡವು, ಕಾರು ಮರಳಿಗೆ ಬಹಳ ಮುಂಚೆಯೇ ಸಾವಧಾನವಾಗಿ ತಿರುಗಿತು. ಚಪ್ಪಾಳೆ ಇನ್ನೂ ನಡೆಯುತ್ತಿರುವಾಗ ಚರ್ಚಿನ ಗಂಟೆ ಆರು ಹೊಡೆಯಿತು. ರೇಸಿನ ಹಾದಿಯ ಹೆಬ್ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕಾದಿದ್ದ ಟೌನ್‌ಶಿಪ್ಪಿನ ಮನುಷ್ಯ ಕೈಗಡಿಯಾರ ನೋಡಿ, ಕುರ್ಚಿ ಮಡಿಸಿ, ಉಳಿದಿದ್ದ ಒಂದು ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಹೋದ. ಎಂಟು ತಂಡಗಳವರೂ ಮುಂದಿನ ಆಗಸ್ಟಿಗೆ ಒಪ್ಪಿದರು. ರೋಂಡಾ ಎಲ್ಲರಿಗಿಂತ ಮೊದಲು ಸಹಿ ಹಾಕಿದಳು. ಸೋತವಳಿಗೆ ಇಷ್ಟು ಚಪ್ಪಾಳೆ ಬೇರೆ ಎಲ್ಲಿ ಸಿಗುತ್ತದೆ ಎಂದಳಂತೆ.

ಈಗ ಡೆಲ್ಮಾರನಿಗೆ ಎಪ್ಪತ್ತಾರು. ಗೋಪುರಕ್ಕೆ ಆರ್ಡಿತಳ ಸೋದರ ಸೊಸೆ ಬಂದಿದ್ದಾಳೆ. ಅವನ ನೋಟ್ ಪುಸ್ತಕದಲ್ಲಿ ಧ್ವನಿವರ್ಧಕದ ದೂರಿಗೂ ಮುನ್ನೂರಿಪ್ಪತ್ತು ಅಡಿಯ ದೂರಿಗೂ ಗೀಟು ಬಿದ್ದಿದೆ. ಉಳಿದವು ಹಾಗೆಯೇ ಇವೆ. ರಾಷ್ಟ್ರೀಯ ಸಂಸ್ಥೆಯ ರೇಸಿಗೆ ಪಕ್ಕದ ರಾಜ್ಯಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುತ್ತಾನೆ, ಚೀಟಿ ಬರೆಯುವುದನ್ನು ಬಿಟ್ಟಿಲ್ಲ. ಹೋದ ವಸಂತದಲ್ಲಿ ಟೆಬ್ಬಿಯವರಿಂದ ಒಂದು ಕಾರ್ಡು ಬಂತು. "ಗೋಪುರ ಹತ್ತಿದಿರಿ ಎಂದು ಕೇಳಿದೆ. ಹೇಗಿತ್ತು?" ಎಂದಿಷ್ಟೇ ಇತ್ತು. ಅವರಿಗೆ ಉತ್ತರವಾಗಿ ಡೆಲ್ಮಾರ್ ತನ್ನ ಕೆಂಪು ಚೀಟಿಯ ನಕಲು ಕಳಿಸಿದ. ಅಸಲು ನೆಡ್ರಾಳ ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ.

ನಮ್ಮ ಶಾಲೆಗೆ ವಿದ್ಯುತ್ ಗಂಟೆ ಬಂದಾಗ ಹಳೆಯ ಹಿತ್ತಾಳೆಯ ಕೈಗಂಟೆಯನ್ನು ಯಾರೂ ಕೇಳದಿದ್ದರಿಂದ ನಾನು ಮನೆಗೆ ತಂದಿಟ್ಟುಕೊಂಡಿದ್ದೆ. ಅದನ್ನು ಅವನಿಗೆ ಕೊಟ್ಟುಬಿಟ್ಟೆ. ಧ್ವನಿವರ್ಧಕ ರಿಪೇರಿಯಾಗಿದ್ದರೂ, ಆಗಸ್ಟಿನ ಆ ಭಾನುವಾರ ಐದು ಇಪ್ಪತ್ತಾದರೆ ಸಾಕು, ಜನರನ್ನು ಫೈನಲ್ಲಿಗೆ ಕರೆಯಲು ಅವನು ಆ ಗಂಟೆಯನ್ನು ಬಾರಿಸುತ್ತ ಸ್ಯಾಂಡ್‌ವಿಚ್ಚಿನ ಸಾಲಿನಿಂದ ಶರಬತ್ತಿನ ಸಾಲಿಗೆ, ಅಲ್ಲಿಂದ ಶೌಚಾಲಯಕ್ಕೆ ನಡೆಯುತ್ತಾನೆ. ಒಳಗಿರುವವರಿಗೂ ಕೇಳಲೆಂದು ಬಾಗಿಲ ಮುಂದೆ ನಿಂತು ಎರಡು ಸಲ ಹೆಚ್ಚಾಗಿಯೇ ಬಾರಿಸುತ್ತಾನೆ. ನೆಡ್ರಾ ಗಡಿಯಾರ ಹಿಡಿದು ಹಿಂದೆಯೇ ಬರುತ್ತಾಳೆ.